ಒಂದೇ ಹಾಳೆ, ಕತ್ತರಿಯಿಲ್ಲ

ವಾಲ್ಪರೈಸೊದಲ್ಲಿ ಗಾಳಿಗೆ ಸಂಬಳ ಕೊಡುವವರಿಲ್ಲ,
ಆದರೂ ದಿನಾ ಕೆಲಸಕ್ಕೆ ಬರುತ್ತದೆ,
ನನ್ನ ಹಾಗೆ, ಸಂಜೆ ಏಳಕ್ಕೆ,
ಗುಡ್ಡದ ಮೇಲಿನ ಈ ವಾಸ್ತುಶಾಲೆಗೆ.
ಅದು ಚೆಲ್ಲಾಡುತ್ತದೆ, ನಾನು ಗುಡಿಸುತ್ತೇನೆ.

ಈ ವಾರ ಕಸವೆಲ್ಲ ಬಿಳಿ.
ಪ್ರೊಫೆಸರ್ ವೆರ್ದುಗೊ ಹಲಗೆಯ ಮೇಲೆ ಬರೆದಿದ್ದಾಳೆ:
ಒಂದೇ ಹಾಳೆ. ಕತ್ತರಿಯಿಲ್ಲ. ಅಂಟಿಲ್ಲ.
ಒಂದು ಇಟ್ಟಿಗೆ ಹೊರಬೇಕು.
ಅದರಡಿ ಯಾರಾದರೂ ಬದುಕುವ ಕೋಣೆಯಿರಬೇಕು.

ಹುಡುಗರು ನಕ್ಕರಂತೆ.
ಮೂರನೇ ದಿನಕ್ಕೆ ನಗು ನಿಂತಿತು.
ಮೇಜಿನಡಿ ಬಿದ್ದದ್ದು ನೋಡಬೇಕು ನೀವು:
ಸೊಂಟ ಮುರಿದ ಚಾವಣಿ,
ಬಾಯಿ ಸೊಟ್ಟಾದ ಕಮಾನು,
ಅರ್ಧದಲ್ಲೇ ಬೇಸತ್ತು ಕೊಕ್ಕರೆಯಾಗಿಬಿಟ್ಟ
ಒಂದು ಗ್ರಂಥಾಲಯ.

ಎತ್ತಿಕೊಂಡು ಒಂದೊಂದನ್ನೂ ಬಿಡಿಸಿ ನೋಡುತ್ತೇನೆ.
ಕೆಲಸ ತಡವಾಗುತ್ತದೆ. ಆಗಲಿ.
ಬಿಡಿಸಿದ ಹಾಳೆಯಲ್ಲಿ ಗೆರೆ ಉಳಿದಿರುತ್ತದೆ:
ಎಲ್ಲಿ ಉಬ್ಬು, ಎಲ್ಲಿ ತಗ್ಗು,
ಎಲ್ಲಿ ಬೆರಳು ಅನುಮಾನಿಸಿತು,
ಎಲ್ಲಿ ಸಿಟ್ಟು ಬಂತು.

ಹನ್ನೆರಡಕ್ಕೇ ಓದು ಬಿಟ್ಟವನು ನಾನು.
ಆದರೆ ಮಡಿಕೆ ಗೊತ್ತು.
ಮೂವತ್ತೊಂದು ವರ್ಷ ತಗಡು ಹೊದಿಸಿದ ಕೈ ಇದು.
ಈ ಗುಡ್ಡದ ಮನೆಗಳು ಇಟ್ಟಿಗೆ ನಂಬಿ ನಿಂತಿಲ್ಲ,
ನೆರಿಗೆ ನಂಬಿ ನಿಂತಿವೆ.
ಹಳದಿ ಬಳಿದ, ನೀಲಿ ಬಳಿದ,
ಸಮುದ್ರದ ಉಪ್ಪು ತಿಂದ ಸತುವಿನ ನೆರಿಗೆ.
ಚಪ್ಪಟೆ ತಗಡನ್ನು ಎರಡು ತುದಿ ಹಿಡಿದೆತ್ತಿ,
ನಡು ಜೋತು ಬೀಳುತ್ತದೆ
ಮದುವೆಮನೆಯಲ್ಲಿ ಕುಡಿದ ಸೋದರಮಾವನ ಹಾಗೆ.
ಅದನ್ನೇ ಅಲೆಯಲೆಯಾಗಿ ಬಗ್ಗಿಸಿ,
ಅದರ ಮೇಲೆ ಕೂತು ನಾನು ಊಟ ಮಾಡಿದ್ದೇನೆ.
ತೂಕ ಗುಂಜಿಯಷ್ಟೂ ಹೆಚ್ಚಿರುವುದಿಲ್ಲ.
ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಂದು
ಬಲವನ್ನು ಮಡಿಕೆಯಲ್ಲೇ ಎಣಿಸಿದವರು
ಯಾರೋ ತಗಡಿನವರೇ ಇರಬೇಕು.

ರಾತ್ರಿ ಹತ್ತಾದರೂ ಹೋಗದವಳು
ರೊಸಾರಿಯೊ ಉಯೋವಾ ಒಬ್ಬಳೇ.
ಕಿಟಕಿ ಪಕ್ಕದ ಮೇಜು. ಗೆರೆ ತೀಡಲು ಚಮಚದ ಬೆನ್ನು.
ಅವಳ ಕೋಣೆಯಲ್ಲಿ ಮೂವರಿದ್ದಾರೆ:
ಹೊಲಿಯುವ ಅವ್ವ, ಕೆಮ್ಮುವ ತಮ್ಮ, ಓದುವ ತಾನು.
ಗೋಡೆ ಕಟ್ಟಿದರೆ ಯಾರಿಗೂ ಜಾಗವಿಲ್ಲ,
ಕಟ್ಟದಿದ್ದರೆ ಯಾರಿಗೂ ನಿದ್ದೆಯಿಲ್ಲ.
"ಹಗಲು ಗೇಣಗಲ, ರಾತ್ರಿ ಎರಡು ಮಾರು,
ಅಂಥ ಗೋಡೆ ಬೇಕು, ದೋನ್ ಎಲೆಯಾಸಾರ್."
ನನ್ನ ಹೆಸರು ಗೊತ್ತಿತ್ತು ಅವಳಿಗೆ.

ಅವಳ ಗೋಡೆ ತೆರೆದರೆ ನಿಲ್ಲುವುದಿಲ್ಲ,
ನಿಂತರೆ ತೆರೆಯುವುದಿಲ್ಲ.
ಪೊರಕೆ ಹಿಡಿದು ನಿಂತಲ್ಲಿಂದಲೇ ತಪ್ಪು ಕಂಡಿತು:
ಅಂಚು ಬೋಳು ಬಿಟ್ಟಿದ್ದಾಳೆ.
ತಗಡಿನ ಅಂಚನ್ನು ನಾವು ಒಮ್ಮೆ ಒಳಕ್ಕೆ ಮಡಿಸಿ
ಅದರ ಮೇಲೆ ಇನ್ನೊಮ್ಮೆ ಮಡಿಸುತ್ತೇವೆ,
ಎಂಪನಾಡಾ ಕಡುಬಿನ ಬಾಯಿ ಮುಚ್ಚಿದ ಹಾಗೆ.
ನನ್ನ ಬಾಯಿ ತೆರೆದೆ. ಮುಚ್ಚಿದೆ.
ಗುಡಿಸುವವನು ಗುಡಿಸಬೇಕು ಎಂಬ ನಿಯಮವನ್ನು
ಯಾರೂ ಹಲಗೆಯ ಮೇಲೆ ಬರೆದಿಲ್ಲ.

ಹನ್ನೊಂದಕ್ಕೆ ನೆಲ ನಡುಗಿತು.
ದೊಡ್ಡದೇನಲ್ಲ, ಚಹಾ ತುಳುಕುವಷ್ಟು,
ನಮಗಿದು ನೆರೆಮನೆಯ ಸೀನು.
ಗೂಡಿನಲ್ಲಿದ್ದ ಹೋದ ವರ್ಷದ ಗಾರೆಯ ಮಾದರಿಗಳಲ್ಲಿ
ಎರಡು ಬಿದ್ದು ಪುಡಿಯಾದವು.
ಅವಳ ಕಾಗದದ ಗೋಡೆ
ಮುದುಡಿತು, ಅರಳಿತು, ಮತ್ತೆ ಮುದುಡಿ
ನಿಂತುಕೊಂಡಿತು.
ಅಂಚು ಮಾತ್ರ ಜೋತು ಬಿತ್ತು.
ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಪೊರಕೆಯನ್ನು ಮೂಲೆಗೊರಗಿಸಿ
ಬುಟ್ಟಿಯಿಂದ ಹಾಳೆಯೊಂದನ್ನು ತೆಗೆದೆ,
ಅದೇ, ಕೊಕ್ಕರೆಯದು.
ಕೈಗೆ ತಗಡು ನೆನಪಿತ್ತು, ಕಾಗದ ಹೊಸದು.
ಮೊದಲ ಸಲ ಹರಿಯಿತು.
"ಕತ್ತರಿಯಿಲ್ಲ, ದೋನ್ ಎಲೆಯಾಸಾರ್" ಎಂದು ನಕ್ಕು
ಇನ್ನೊಂದು ಕೊಟ್ಟಳು, ಚಮಚವನ್ನೂ.

ಶುಕ್ರವಾರ ಮಧ್ಯಾಹ್ನ ಇಟ್ಟಿಗೆ ಇಡುತ್ತಾರೆ.
ನನ್ನ ಪಾಳಿ ಸಂಜೆಗೆ, ನೋಡಲಾಗುವುದಿಲ್ಲ.
ಬಿದ್ದಿದ್ದರೆ ಗೊತ್ತಾಗುತ್ತದೆ.
ಕಿಟಕಿ ಪಕ್ಕದ ಮೇಜಿನ ಕೆಳಗೆ
ಕೆಂಪು ಧೂಳಿರುತ್ತದೆ,
ಗುಡಿಸುವವನು ನಾನೇ.