ಮಂದ್ರದ ಜಾಗ

ದೂರು ಕೊಟ್ಟವನು ಕ್ಷೌರಿಕ ತಿಬೂರ್ಜ್ಯೊ:
'ಆ ಸನ್ಯಾಸಿನಿಯರ ಮಠದೊಳಗೆ ಗಂಡಸೊಬ್ಬನಿದ್ದಾನೆ,
ಭಾನುವಾರ ಸಂಜೆ ಜಾಲಂದ್ರದ ಹಿಂದೆ ನಿಂತು ಹಾಡುತ್ತಾನೆ,
ಕಿವಿಯಾರೆ ಕೇಳಿದ್ದೇನೆ.'

ಮೊದೆನಾದಲ್ಲಿ ಮಂಜು ಕವಿದ ಮೇಲೆ
ಮಾಡಲು ಬೇರೆ ಕೆಲಸವೂ ಇರುವುದಿಲ್ಲ.
ಬಿಷಪ್ಪರ ಕಡೆಯವರು ಬಂದರು, ಕಂದೀಲು ಹಿಡಿದು.
ಹಿಟ್ಟಿನ ಪೀಪಾಯಿ ತೆರೆದರು,
ಬಾವಿಗೆ ಬಗ್ಗಿ 'ಯಾರದು?' ಎಂದರು,
ಬಾವಿ ಅವರನ್ನೇ ತಿರುಗಿ ಕೇಳಿತು.
ಒಣಹುಲ್ಲು ಚುಚ್ಚಿದರು, ಜೇನುಪೆಟ್ಟಿಗೆಯನ್ನೂ ಬಿಡಲಿಲ್ಲ;
ಅದಕ್ಕೆ ತಕ್ಕ ಪ್ರಸಾದ ಮುಖದ ತುಂಬ ಸಿಕ್ಕಿತು.
ಕೊನೆಗೆ ಕೈಗೆ ಬಂದ ಗಂಡು ಒಂದೇ:
ಉಗ್ರಾಣದ ಮುದಿ ಬೆಕ್ಕು.

ಆಗ ಹಿರಿಯಮ್ಮ ಲೌದೋಮಿಯ
ಅಡುಗೆಮನೆಯಿಂದ ದೊಮಿತಿಲ್ಲಳನ್ನು ಕರೆಸಿದರು.
ಮೊಣಕೈವರೆಗೂ ಹಿಟ್ಟು.
ಪೊ ನದಿಯಲ್ಲಿ ತೇಲುವ ಗಿರಣಿಯ ಮೇಲೆ ಹುಟ್ಟಿದವಳು,
ಅಪ್ಪನ ಪರವಾಗಿ ಆಚೆ ದಡಕ್ಕೆ ಕೂಗಿ ಕೂಗಿ
ಅವಳ ಗಂಟಲು ತಳಕ್ಕಿಳಿದು
ಬೀಸುಕಲ್ಲಿನ ಪಕ್ಕ ಅಲ್ಲೇ ಉಳಿದಿತ್ತು.
ಹಾಡು ಎಂದರು. ಹಾಡಿದಳು.
ಬರೆದುಕೊಳ್ಳುತ್ತಿದ್ದ ಗುಮಾಸ್ತ ಮಸಿಕುಡಿಕೆ ಹಿಡಿದುಕೊಂಡ,
ಮೇಜಿನ ಮೇಲೆ ಅದು ನಡುಗುತ್ತಿತ್ತು.

ತೀರ್ಪು ಒಂದೇ ಸಾಲು:
ಹೆಣ್ಣಿಗೆ ಒಪ್ಪದ ದನಿ, ಇನ್ನು ಬೇಡ.
ವೆನಿಸ್ಸಿನಲ್ಲಿ ಅಚ್ಚಾದ ಐದು ಪುಟ್ಟ ಪುಸ್ತಕ ನಮ್ಮವು, ದನಿಗೊಂದು;
ಐದನೆಯದನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ನಮಗೆ ಲ್ಯಾಟಿನ್ ಬಾರದು.
ಒಡೆಯದ ಅಕ್ರೋಟಿನ ಹಾಗೆ
ಬಾಯೊಳಗೆ ಹೊರಳಿಸುತ್ತೇವೆ, ಅಷ್ಟೆ.
ಆ ಮೊಟೆಟ್ಟಿನಲ್ಲಿ 'ಸಿಲೂಯಿ' ಎಂಬಲ್ಲಿ
ನಾವು ನಾಲ್ವರೂ ನಿಲ್ಲಬೇಕು,
ದೊಮಿತಿಲ್ಲ ಒಬ್ಬಳೇ ಆ ಮಾತು ಹೊತ್ತು
ಎಂಟು ಎಣಿಕೆ ಕೆಳಗಿಳಿಯಬೇಕು,
ಕತ್ತಲಲ್ಲಿ ಪಾದದಿಂದ ಮೆಟ್ಟಿಲು ತಡವುವವಳಂತೆ.
ಅರ್ಥ ಹೇಳಿದವನು ಆ ಗುಮಾಸ್ತನೇ, ಹೊರಡುವಾಗ, ಮೆಲ್ಲಗೆ:
'ನಾನು ಸುಮ್ಮನಾದೆ' ಅಂತ.

ಭಾನುವಾರ. ಅವಳು ನಮ್ಮ ನಡುವೆಯೇ ನಿಂತಿದ್ದಳು
ತುಟಿ ಹೊಲಿದವಳ ಹಾಗೆ.
ನಾನು ತಾರದವಳು, ಎಲ್ಲರಿಗಿಂತ ಮೇಲೆ;
ಅಟ್ಟದಲ್ಲಿ ಇರುವವರಿಗೇ ಗೊತ್ತು
ಏಣಿ ತೆಗೆದದ್ದು.
ಸಿಲೂಯಿ ಬಂತು. ನಿಂತೆವು.
ಒಂದು. ಎರಡು. ಮೂರು.
ಮೇಣದ ಬತ್ತಿ ಚಟ್ ಎಂದದ್ದೂ ಕೇಳಿಸಿತು.

ನಾಲ್ಕಕ್ಕೆ ಜಾಲಂದ್ರದ ಆಚೆಯಿಂದ,
ಚರ್ಮ ಹದಮಾಡುವವರು, ಬಟ್ಟೆಗೆ ಬಣ್ಣ ಹಾಕುವವರು ಕೂರುವ ಕಡೆಯಿಂದ
ಒಂದು ಗಂಡು ದನಿ,
ಶ್ರುತಿ ತಪ್ಪಿ, ಅರ್ಧ ಎಣಿಕೆ ತಡವಾಗಿ,
ಅವಳ ಮೆಟ್ಟಿಲನ್ನೇ ಇಳಿಯತೊಡಗಿತು.
ತಿಬೂರ್ಜ್ಯೊ!
ಎಷ್ಟು ಭಾನುವಾರ ಕೇಳಿ ಬಾಯಿಪಾಠ ಮಾಡಿದ್ದನೋ ಪಾಪಿ.

ದೊಮಿತಿಲ್ಲ ಹುಬ್ಬು ಗಂಟಿಕ್ಕಿದಳು.
ಹಿಟ್ಟು ಅಂಟಿದ ಬೆರಳಿನಿಂದ ಕಬ್ಬಿಣದ ಸರಳಿಗೆ
ಟಕ್, ಟಕ್,
ಸರಿಯಾದ ಲಯ ಬಡಿದು ತೋರಿಸಿದಳು.
ಮುಂದಿನ ಸಾಲು ನಾನು ಎತ್ತಿಕೊಳ್ಳಬೇಕಿತ್ತು.
ನಗು ಬಂದು
ಮೊದಲ ಸ್ವರ ಹೋಯಿತು.