ಸೊನ್ನೆಯ ವರ್ಷಗಳು

ಗ್ರಿಮ್ಸ್‌ಬಿ ಬಂದರಿನ
ಆಕ್ಸ್‌ಟಬಿ ಅಂಡ್ ಡಾಟರ್ ಲಿಮಿಟೆಡ್
ತೀರಿಕೊಂಡು ನಾಲ್ಕು ವರ್ಷ.
ಕೊಂದದ್ದು, ಒಡೆಯದ ಲಕೋಟೆಗಳು.

ಹೊಗೆಗೂಡು, ತಕ್ಕಡಿ, ಕೊಕ್ಕೆ, ಬ್ಯಾಂಕಿನ ಒಂಬೈನೂರು ಪೌಂಡು
ಎಲ್ಲ ಈಗ ದೊರೆಯ ಸೊತ್ತು.
‘ದೊರೆಗೆ ಹೊಗೆಮೀನು ಸೇರುತ್ತದಾ?’ ಅಂದಳು ಥೆಲ್ಮಾ
ನನ್ನ ಮೇಜಿನ ಮೇಲೆ ಚೀಲ ಸುರಿದು.

ತಪ್ಪಿದ ವರ್ಷಗಳ ಲೆಕ್ಕ ಬರೆದೆವು.
ಆದಾಯ ಸೊನ್ನೆ. ಖರ್ಚು ಸೊನ್ನೆ.
ಅಪ್ಪನ ಹಾಸಿಗೆ ಪಕ್ಕ ಕೂತ ರಾತ್ರಿಗಳಿಗೆ
ನಮೂನೆಯಲ್ಲಿ ಕಾಲಂ ಇಲ್ಲ.
ದಂಡ ಕಟ್ಟಿದಳು, ಚಿಲ್ಲರೆ ಸಮೇತ.

ಮಂಗಳವಾರ ಉತ್ತರ ಬಂತು:
ಕಂಪನಿ ಎಂದೂ ವಿಸರ್ಜನೆ ಆಗಿಯೇ ಇರಲಿಲ್ಲ
ಎಂದು ಭಾವಿಸತಕ್ಕದ್ದು.

ಎರಡು ಸಲ ಓದಿಸಿದಳು.
ಆಮೇಲೆ, ನಿರ್ದೇಶಕರ ಪಟ್ಟಿಯಲ್ಲಿ
ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು
‘ಇದನ್ನು ತೆಗೆಯಬೇಕಾ?’

ನಾಳೆ, ಅಂದೆ.