ಇಪ್ಪತ್ತನಾಲ್ಕು ಗಂಟೆಯ ನೆನಪು

ನನ್ನ ಓದು ಸೇತುವೆಗಳದ್ದು. ಕಬ್ಬಿಣ, ಭಾರ, ಬಾಗು.
ಪೌಷ್ಟಿಕ ವಿಜ್ಞಾನ ಬರೀ ಮೈನರ್,
ಎಲೆಯ ತುದಿಯ ಉಪ್ಪಿನಕಾಯಿ,
ಮಂಗಳವಾರ ಮಧ್ಯಾಹ್ನ ಖಾಲಿಯಿತ್ತೆಂದು ಹಾಕಿಸಿಕೊಂಡದ್ದು.

ಕೊಬ್ಬಿನ ಗ್ರಾಂಗೆ ಒಂಬತ್ತು, ಪಿಷ್ಟಕ್ಕೆ ನಾಲ್ಕು.
ಸೂಜಿಗೆ ಚುಚ್ಚಿ ಉರಿಸಿದ ಅಕ್ರೋಟು
ನಳಿಕೆಯ ನೀರನ್ನು ಎಷ್ಟು ಕಾಯಿಸಿತೆಂದು ಬರೆದುಕೊಂಡೆ.
ಎರಡು ದಿನ ಬೆರಳಲ್ಲಿ ಹೊಗೆ.

ಆಮೇಲೆ ಈ ಕೆಲಸ:
ಗುರುತಿಲ್ಲದ ಹಿರಿಯರೊಬ್ಬರನ್ನು ಕೇಳಿ ಬನ್ನಿ,
ನಿನ್ನೆ ಏನು ತಿಂದಿರಿ?
ಐದು ಸುತ್ತು ಕೇಳಬೇಕು. ಹುಬ್ಬೇರಿಸಬಾರದು.
"ಅಷ್ಟೇನಾ" ಅನ್ನಬಾರದು. ತಲೆಯಾಡಿಸಲೂಬಾರದು
ಎಂದರು ಪ್ರೊಫೆಸರ್ ಲಾಪ್ರೇರಿ, ತಲೆಯಾಡಿಸುತ್ತ.

ಡುಲೂತ್‌ನ ಗುಡ್ಡದ ಮೇಲೆ ನಾಲ್ಕನೇ ಮಹಡಿ.
ಕಿಟಕಿ ತುಂಬ ಸುಪೀರಿಯರ್ ಸರೋವರ,
ಮಾರ್ಚ್ ಮುಗಿದರೂ ದಡ ಬಿಡದ ಹಿಮಗಡ್ಡೆ.
ಹಾಲ್ವರ್ ಟ್ವೆಟೆನ್, ಎಂಬತ್ತಾರು.
ಅದಿರಿನ ಹಡಗಿನಲ್ಲಿ ಮೂವತ್ತೊಂದು ವರ್ಷ ಅಡುಗೆಯವ.
ಅಳತೆಗೆಂದು ನಾನು ಒಯ್ದ ರಬ್ಬರಿನ ಮಾಂಸದ ತುಂಡನ್ನು
ಹೆಬ್ಬೆರಳಲ್ಲಿ ಒತ್ತಿ ನೋಡಿ ಅಂದ:
"ಇನ್ನೂ ಬೇಯಬೇಕು."

ಮೊದಲ ಸುತ್ತು: ಕಾಫಿ. ಬ್ರೆಡ್ಡು. ಸೂಪು, ಇರಬೇಕು.
ಎರಡನೆಯದು, ಮರೆತದ್ದೇನಾದರೂ? ಇಲ್ಲ.
ಮೂರನೆಯದು, ಎಷ್ಟು ಹೊತ್ತಿಗೆ?
"ಹೊತ್ತೇ? ಮೊದಲ ಪಂಕ್ತಿ ಎಂಜಿನ್ ಕೋಣೆಯವರದು.
ಎಣ್ಣೆ ಹಾಕುವ ರೂಡಿಗೆ ಈರುಳ್ಳಿ ಆಗದು.
ಚುಕ್ಕಾಣಿಯವನಿಗೆ ಎರಡು ಮೊಟ್ಟೆ, ಹಳದಿ ಹರಿಯುವಂತೆ.
ಮೊದಲ ಸಲ ಹತ್ತಿದ ಹುಡುಗ ವಾಂತಿ ಮಾಡಿಕೊಳ್ಳುತ್ತಿದ್ದ,
ಅವನಿಗೆ ಉಪ್ಪು ಬಿಸ್ಕತ್ತು, ಮತ್ತೇನಿಲ್ಲ.
ನವೆಂಬರಿನ ಗಾಳಿಗೆ ಪಾತ್ರೆಗಳನ್ನು ಒಲೆಗೇ ಬಿಗಿದು,
ಮೇಜಿನ ಬಟ್ಟೆ ಒದ್ದೆ ಮಾಡಿ ಹಾಸುತ್ತಿದ್ದೆ,
ತಟ್ಟೆ ಜಾರದ ಹಾಗೆ.
ಇಪ್ಪತ್ತೆಂಟು ತಟ್ಟೆ."

ಬರೆಯಲಿಲ್ಲ ನಾನು.
ಫಾರ್ಮಿನಲ್ಲಿ ನಿನ್ನೆಗಷ್ಟೇ ಜಾಗ.
"ನೀವು? ನೀವೇನು ತಿನ್ನುತ್ತಿದ್ದಿರಿ?"
ಪಟ್ಟಿಯಲ್ಲಿಲ್ಲದ ಪ್ರಶ್ನೆ ಬಾಯಿಗೆ ಬಂದಿತ್ತು.
ಮುದುಕ ನೀರಿನ ಕಡೆ ನೋಡಿದ.
"ಏನೋ. ನಿಂತುಕೊಂಡೇ. ತಳ ಹಿಡಿದದ್ದು."

ನಾಲ್ಕನೇ ಸುತ್ತು ಹಾರಿಸಿದೆನೋ ಏನೋ, ನೆನಪಿಲ್ಲ.
ಐದನೆಯದನ್ನು ಅವನೇ ಕೇಳಿದ:
"ನೀನು ಬೆಳಿಗ್ಗೆ ಏನು ತಿಂದೆ?"
ಬಸ್ಸು, ಅರ್ಧ ಓಟ್ಸ್ ಬಾರು, ಸುಳ್ಳೊಂದು ಬಾಳೆಹಣ್ಣು.
ಹುಬ್ಬೇರಿಸಿದ. "ಅಷ್ಟೇನಾ" ಅಂದ.
ಎದ್ದ, ಗೋಡೆ ಹಿಡಿದು. ಬೆಣ್ಣೆ ಚುರುಗುಟ್ಟಿತು.
ನಲ್ಲಿಗೆ ಬಟ್ಟೆ ಹಿಡಿದು ಹಿಂಡಿ,
ಮೇಜಿನ ಮೇಲೆ ಹಾಸಿ, ನೇರ ಮಾಡಿ,
ಅದರ ಮೇಲೆ ನನ್ನ ತಟ್ಟೆ ಇಟ್ಟ.
ಆ ಮಹಡಿ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಕಂಪ್ಯೂಟರು ಅವನ ನಿನ್ನೆಯನ್ನು ಕೂಡಿಸಿತು: ಆರುನೂರ ಹನ್ನೆರಡು.
ಡಿ ಜೀವಸತ್ವಕ್ಕೆ ಕೆಂಪು, ಕಬ್ಬಿಣಕ್ಕೆ ಕೆಂಪು.
(ಕಬ್ಬಿಣ ನನ್ನ ವಿಷಯ ಅಂದುಕೊಂಡಿದ್ದೆ.)
ಹಾಳೆ ತಿರುಗಿ ಬಂದಾಗ ಬಿ ಪ್ಲಸ್,
ಕೊನೆಯ ಸಾಲಿಗೊಂದು ಸುತ್ತು, ಪಕ್ಕದಲ್ಲಿ ಲಾಪ್ರೇರಿಯ ಅಕ್ಷರ:
ಮೊಟ್ಟೆ ಎರಡು, ಹಳದಿ ಹರಿಯುವಂತೆ.
ಇದು ಯಾರು ತಿಂದದ್ದು?